ಒಂದಕ್ಕೆ ಲಾಭ

"ಬಿಚ್ಚಲೇ ಆ ಅರಿವಿ! ಲಕ್ಷ್ಮಿ ಕುಂತ ಕಣದಾಗ ಕೀವಿನ ಅರಿವಿ ಕಟಗೊಂಡ ತಿರಗತಿಯೇನಲೇ, ಸೂಳೀಮಗನ? ಬಿಚ್ಚು!"

ಕಣದ ಅಂಚಿನಲ್ಲಿ ನಿಂತು ಗೌಡ ಒದರುತ್ತಿದ್ದ. ಒಳಗೆ ನನ್ನಣ್ಣ ಹುಲ್ಲಪ್ಪ ಹಂತಿ ಹೊಡೆಯುತ್ತಿದ್ದ. ಜೋಳದ ತೆನೆ ಹರವಿ, ನಡುವಿನ ಮೇಟಿಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಅವುಗಳ ಬೆನ್ನ ಹಿಂದೆ ಬೆಳಗಿನಿಂದ ಹೊತ್ತು ಮುಳುಗುವ ತನಕ ಸುತ್ತುವ ಕೆಲಸ ಅದು. ಅಣ್ಣನ ಎಡಗಾಲಿನ ಹರಡಿನ ಗಂಟಿನ ಮೇಲೆ ಹಳೆಯ ಅರಿವೆಯ ಪಟ್ಟಿ ಇತ್ತು. ಪಟ್ಟಿಯ ಒಳಗೆ ಕಸಬರಿಗೆಯ ಕಡ್ಡಿ ಇತ್ತು. ಕಡ್ಡಿಗೆ ನಾರು ಸುತ್ತಿತ್ತು.

ನಾರು ಅಂದರೆ ಹಗ್ಗ ಹೊಸೆಯುವ ನಾರಲ್ಲ, ಹುಳು. ಮೊದಲು ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಕೆಂಡ ಇಟ್ಟಂತೆ ಉರಿಯುತ್ತದೆ. ಗುಳ್ಳೆ ಒಡೆದು ಬೆಳ್ಳನೆಯ ದಾರದ ತುದಿ ಹೊರಗೆ ಬರುತ್ತದೆ. ಅದನ್ನು ಎಳೆಯುವಂತಿಲ್ಲ. ಎಳೆದರೆ ಹರಿಯುತ್ತದೆ, ಹರಿದರೆ ಉಳಿದದ್ದು ಒಳಗೆ ಸೇದಿಕೊಂಡು ಕಾಲು ಕೊಳೆಯುತ್ತದೆ. ಅದಕ್ಕೇ ತುದಿಯನ್ನು ಕಡ್ಡಿಗೆ ಸಿಕ್ಕಿಸಿ ದಿನಾ ಒಂದೊಂದು ಸುತ್ತು ಸುತ್ತುತ್ತ, ಪೂರಾ ಹೊರಗೆ ಬರುವ ತನಕ ಕಾಲು ಅಲ್ಲಾಡಿಸದೆ ಬಿದ್ದಿರಬೇಕು. ಬೇಸಿಗೆ ಬಂತೆಂದರೆ ನಮ್ಮ ಕುರುಬರ ಓಣಿಯಲ್ಲಿ ಯಾರ ಕಟ್ಟೆ ನೋಡಿದರೂ ಒಬ್ಬರು ಹೀಗೆ ಕಾಲು ಚಾಚಿಕೊಂಡು ಕುಳಿತಿರುತ್ತಿದ್ದರು. ಬೇಸಿಗೆಯೆಂದರೆ ಗೌಡನಿಗೆ ಸುಗ್ಗಿ. ಕಾಲು ಚಾಚಿದ ಆಳನ್ನು ಕಂಡರೆ ಅವನ ಕಣ್ಣು ಕೆಂಪಾಗುತ್ತಿದ್ದವು.

ಎದುರಿಗೆ ಅವನನ್ನು ಗೌಡ್ರ ಎನ್ನುತ್ತಿದ್ದೆವು. ಈಗ ಹೇಳುವಾಗ ಗೌಡ ಎನ್ನುತ್ತೇನೆ. ಅಷ್ಟಾದರೂ ನನಗಿರಲಿ.

"ಅರಿವಿ ಒಳಗ ಕಡ್ಡಿ ಐತ್ರಿ ಗೌಡ್ರ," ಎಂದ ಅಣ್ಣ, ಎತ್ತು ನಿಲ್ಲಿಸದೆ. "ಬಿಚ್ಚಿದ್ರ ಜೋತ ಬೀಳತೈತ್ರಿ. ಹೊತ್ತ ಮುಣಗಿದ ಮ್ಯಾಲ ಬಿಚ್ಚತೇನಿ."

"ನಾನಽ ಕೆರಾ ಬಿಟ್ಟ ಬಂದ ನಿಂತೇನಿ ಇಲ್ಲಿ. ನೀ ಏನ ನನ್ನ ಅಪ್ಪನೇನಲೇ? ನೀ ಕೀವ ಸುರಿಸಿದ ಕಾಳ ನಾ ಹಗೇವಕ್ಕ ಹಾಕಲೇನ? ಮನೀ ಮಂದಿ ಅದನ್ನ ತಿನ್ನಬೇಕೇನ?"

ನಾನು ಪಕ್ಕದಲ್ಲೇ ಹೊಟ್ಟು ತೂರುತ್ತಿದ್ದೆ. ಮೊರ ಇಳಿಸಿ ಹೋದೆ. "ಗೌಡ್ರ, ಅಣ್ಣನ ಬದಲಿ ನಾ ಹೊಡಿತೇನ್ರಿ ಹಂತಿ. ಅಂವ ಮ್ಯಾಲ ಕುಂತ ತೂರ್ಲಿ."

"ಕಾಳ್ಯಾ, ನಿನ್ನ ಕೇಳಿದ್ನೇನಲೇ? ಗಾಳಿ ಬಿಟ್ಟೈತಿ, ತೂರ ಹೋಗ. ಎತ್ತು ಇವನ ದನಿ ಕೇಳತಾವು, ನಿನ್ನ ಮಾರಿಗೆ ಯಾವ ಎತ್ತು ತಿರಗತೈತಿ?"

ಅದು ಖರೆ. ಅಣ್ಣನ ದನಿಗೆ ಎತ್ತು ತಾವಾಗಿ ತಿರುಗುತ್ತಿದ್ದವು. ಒಳ್ಳೆಯ ದನಿ ಇದ್ದದ್ದೇ ಅವನ ತಪ್ಪಾಯಿತು. ಅವನು ಬಗ್ಗಿ ಅರಿವೆ ಬಿಚ್ಚಿ ನನ್ನ ಕಡೆ ಎಸೆದ. ಕಡ್ಡಿ ಕಾಲಿಗೆ ಜೋತುಬಿತ್ತು. ಅವನು ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಾರುಕೋಲು ಹಿಡಿದು, ಅರ್ಧ ಬಗ್ಗಿಕೊಂಡೇ ಸುತ್ತು ಹೊಡೆದ. ಗೌಡ ಮೀಸೆಯೊಳಗೆ ನಕ್ಕ. ಒಳಬದಿಯ ಎತ್ತು ಮುಗ್ಗರಿಸಿತು. ಅಣ್ಣ ಅದನ್ನು ಹಿಡಿಯಲು ಕೈ ಬಿಟ್ಟ. ಕಡ್ಡಿ ತೆನೆಯಲ್ಲಿ ಸಿಕ್ಕಿತು, ಕಾಲು ಮುಂದೆ ಹೋಯಿತು.

ಸಪ್ಪಳವೇನೂ ಆಗಲಿಲ್ಲ. ಅಣ್ಣ ಅಲ್ಲೇ ಕುಳಿತುಬಿಟ್ಟ. ಕಡ್ಡಿ ತೆನೆಯ ನಡುವೆ ಬಿದ್ದಿತ್ತು, ಅದಕ್ಕೆ ಸುತ್ತಿದ್ದ ನಾರು ಸುತ್ತಿದ ಹಾಗೇ ಇತ್ತು. ಕಾಲಿನ ಹುಣ್ಣಿನಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ.

"ಹರದೋತು ಕಾಳಪ್ಪಾ," ಎಂದ. ಆಮೇಲೆ ಎದ್ದು ಹಂತಿ ಹೊಡೆದ. ಹೊತ್ತು ಮುಳುಗುವ ತನಕ ಹೊಡೆದ.

ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ 'ಒಂದು' ಎನ್ನುವುದಿಲ್ಲ. ಮೊದಲ ಅಳತೆ ಸುರಿದಾಗ 'ಲಾಭ' ಎನ್ನಬೇಕು. ಎರಡು, ಮೂರು ಆಮೇಲೆ. ಒಂದು ಎಂದುಬಿಟ್ಟರೆ ರಾಶಿಯ ಹುಲುಸು ಹೋಗುತ್ತದಂತೆ. ಯಾರ ಹುಲುಸು ಎಂದು ಕೇಳಿದವರಿಲ್ಲ. ಆಳುಗಳಾದ ನಾವೇ ಬಾಯಿ ತುಂಬ ಲಾಭ, ಲಾಭ ಎಂದು ಕೂಗಿ ಗೌಡನ ನೆಲದಡಿಯ ಹಗೇವು ತುಂಬುತ್ತಿದ್ದೆವು. ಅಣ್ಣನ ಬಾಯಲ್ಲಿ ಆ ಮಾತು ಕುಳಿತುಬಿಟ್ಟಿತ್ತು. ಸುಗ್ಗಿ ಶುರುವಾಗುವ ಮುಂಚೆ ನಾರಿನ ತುದಿ ಕಂಡಾಗ ಅತ್ತಿಗೆ ಲಗಮವ್ವ ಕಡ್ಡಿ ಹಿಡಿದು ಮೊದಲ ಸುತ್ತು ಹಾಕಿದಳು. ಅವನು ಹಲ್ಲು ಕಚ್ಚಿಕೊಂಡು "ಲಾಭ!" ಎಂದ. ನಾವೆಲ್ಲ ನಕ್ಕೆವು.

"ಸಾಯತಿ ನೋಡ, ಇದರಾಗೂ ಚ್ಯಾಷ್ಟಿ," ಎಂದು ಅತ್ತಿಗೆ ಬೈದಳು.

"ಗೌಡಗ ಜ್ವಾಳದಾಗ ಬಂತು, ನನಗ ಕಾಲಾಗ ಬಂತು. ನನ್ನ ಲಾಭದಾಗ ಪಾಲ ಕೇಳಾಕ ಯಾರೂ ಬರಂಗಿಲ್ಲ ನೋಡ."

ಹಿಂದಿನ ವರ್ಷವೂ ಅವನಿಗೆ ಬಲಗಾಲಿನಲ್ಲಿ ನಾರಾಗಿತ್ತು. ಆಗ ಸಂಜೆ ಹೊತ್ತು ಅವನನ್ನು ನಮ್ಮ ಓಣಿಯ ಬಾವಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೆಟ್ಟಿಲ ಬಾವಿ ಅದು. ನಾರಾದವರು ಕೊನೆಯ ಮೆಟ್ಟಿಲ ಮೇಲೆ ಸಾಲಾಗಿ ಕುಳಿತು ಕಾಲು ನೀರಿನಲ್ಲಿ ಬಿಡುತ್ತಿದ್ದರು. ಉರಿ ಇಳಿಯುತ್ತಿತ್ತು, ನಾರು ಸ್ವಲ್ಪ ಸಡಿಲಾಗುತ್ತಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೆಯೇ ನಡೆದಿತ್ತು. ಪಕ್ಕದಲ್ಲೇ ಹೆಂಗಸರು ಕೊಡ ಮುಳುಗಿಸಿ ಕುಡಿಯುವ ನೀರು ತುಂಬುತ್ತಿದ್ದರು. ಲಗಮವ್ವ ಗಂಡನ ಕಾಲಿನ ಪಕ್ಕ ಕೊಡ ತುಂಬಿಕೊಂಡು, ಅವನ ತೋಳು ಹಿಡಿದು ಎಬ್ಬಿಸಿಕೊಂಡು ಮನೆಗೆ ಬರುತ್ತಿದ್ದಳು.

ರಾಶಿ ಮುಗಿಯುವ ಹೊತ್ತಿಗೆ ಅಣ್ಣನ ಕಾಲು ಮೊಣಕಾಲ ತನಕ ಬಾತು ಕಪ್ಪಾಯಿತು. ನಮ್ಮವ್ವ ಮಾಯವ್ವ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ತಂದು ಹಚ್ಚಿದಳು. ಕುರಿಯನ್ನು ಹರಕೆ ಹೊತ್ತಳು, ಕುರಿ ನಮ್ಮದಲ್ಲದಿದ್ದರೂ. ಅಣ್ಣ ಅನ್ನ ಮುಟ್ಟಲಿಲ್ಲ. ನೀರು ಮಾತ್ರ ಕೇಳುತ್ತಿದ್ದ. ನಮ್ಮ ಬಾವಿಯ ಸವಳು ನೀರು ಬಾಯಿಗೆ ಹೋದರೆ ಉಗುಳುತ್ತಿದ್ದ.

"ಗೌಡನ ಬಾವಿ ಸೀನೀರ ಒಂದ ಗುಟಕ ಸಿಕ್ಕರ..." ಎಂದ ಒಮ್ಮೆ.

ಗೌಡನ ತೋಟದ ಬಾವಿಯೂ ಮೆಟ್ಟಿಲ ಬಾವಿಯೇ. ಆದರೆ ಕೆತ್ತಿದ ಕಲ್ಲಿನದು, ತಳ ಕಾಣುವ ನೀರು. ಅದರ ಕಲ್ಲು ಹೊತ್ತವರು ನಮ್ಮ ಅಜ್ಜಂದಿರು. ಕೊನೆಯ ಕಲ್ಲು ಕೂರಿಸಿದ ಮೇಲೆ ಅವರನ್ನು ಮೇಲಕ್ಕೆ ಹತ್ತಿಸಿ, ಇನ್ನು ಇಳಿಯಬೇಡಿ ಎಂದರಂತೆ. ಆ ನೀರು ಗೌಡನ ವಾಡೆಗೆ ಮತ್ತು ಊರ ಮೇಲಿನ ಓಣಿಗೆ ಹೋಗುತ್ತಿತ್ತು. ಅಲ್ಲಿ ಯಾರಿಗೂ ನಾರು ಆಗುತ್ತಿರಲಿಲ್ಲ. ಅವರ ಪುಣ್ಯ ಎಂದುಕೊಂಡಿದ್ದೆವು.

ಲಗಮವ್ವ ವಾಡೆಗೆ ಹೋದಳು. ನಾನೂ ಹಿಂದೆ ಹೋದೆ. ಗೌಡ ಜಗುಲಿಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ. ಅವನ ಹೆಂಡತಿ ಗುರುಲಿಂಗವ್ವ ಬಾಗಿಲಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಳು.

"ಬಂಡಿ ಕೊಡ್ರಿ ಯಪ್ಪಾ," ಎಂದಳು ಲಗಮವ್ವ. "ದವಾಖಾನಿಗೆ ಒಯ್ತೇವಿ. ಕಾಲ ಕೊಳತೈತ್ರಿ."

"ಬಂಡಿ ಹಗೇವಕ್ಕ ಕಾಳ ಹೊರಾಕತ್ತೈತಿ. ಮಳಿ ಬಂದ ಕಾಳ ತೊಯ್ದರ ನೀ ಕಟ್ಟಿಕೊಡತಿಯೇನು?"

ಅದು ಮಳೆಯ ದಿನವಲ್ಲ. ಆಕಾಶದಲ್ಲಿ ಬೆರಳಗಲದ ಮೋಡವೂ ಇರಲಿಲ್ಲ.

"ಒಂದ ದಿನದ ಮಟ್ಟಿಗೆ ಕೊಡ್ರಿ. ನಿಮ್ಮ ಕಣದಾಗಽ ಆಗಿದ್ರಿ ಅದು."

ಗೌಡ ಅಡಕತ್ತರಿ ಕೆಳಗಿಟ್ಟ. "ಏನಂದಿ? ನನ್ನ ಕಣದಾಗ? ನಾ ಹುಟ್ಟಿಸಿದ್ನೇನ ನಿನ್ನ ಗಂಡನ ಕಾಲಾಗ ಹುಳಾ? ಹೊಲಸ ನೀರ ಕುಡಿಯವ್ರ ನೀವು, ಹೊಲಸನ್ಯಾಗ ಬೀಳವ್ರ ನೀವು. ನಾರಿಗೆ ದವಾಖಾನಿ ಅಂತ! ನಿಮ್ಮ ಮುತ್ಯಾ ಹೋಗಿದ್ನೇನ ದವಾಖಾನಿಗೆ? ನಡಿ, ನಡಿ."

"ಹಂಗಾರ ಒಂದ ತಂಬಗಿ ನೀರರ ಕೊಡ್ರಿ. ಸೀನೀರ ಕೇಳಾಕತ್ತಾನ."

ಗುರುಲಿಂಗವ್ವ ಏಳಲು ಹೋದಳು. ಗೌಡ ಅವಳ ಕಡೆ ನೋಡಿದ. ಅವಳು ಕೂಸನ್ನು ಇನ್ನೊಂದು ಕಾಲ ಮೇಲೆ ಹಾಕಿಕೊಂಡು ಅಲ್ಲೇ ಕುಳಿತಳು.

ಕಂಬಳಿಯ ನಾಲ್ಕು ಮೂಲೆ ಕಟ್ಟಿ ಬಿದಿರಿಗೆ ತೂಗುಹಾಕಿ, ಅಣ್ಣನನ್ನು ಅದರಲ್ಲಿ ಮಲಗಿಸಿ ನಾವೇ ಹೊತ್ತೆವು. ಕಮತಗಿಯ ಸಂತೆಗೆ ಹೋಗುವ ಜನ ದಾರಿ ಬಿಟ್ಟು ನಿಂತು ನೋಡಿದರು. ಸತ್ತವನನ್ನು ಹೊತ್ತಿದ್ದೇವೆ ಎಂದುಕೊಂಡು ಕೈ ಮುಗಿದವರೂ ಇದ್ದರು. ಅರ್ಧ ದಾರಿಯಲ್ಲಿ ಅಣ್ಣ ಮಾತು ನಿಲ್ಲಿಸಿದ. ಇಣುಕಿ ನೋಡಿದರೆ ಅವನ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿದ್ದವು, ನಗುತ್ತಿರುವವನ ಹಾಗೆ ತುಟಿ ಬಿರಿದಿತ್ತು. ಲಗಮವ್ವ ಅವನ ದವಡೆಗೆ ಬೆರಳು ಹಾಕಿ ಬಿಡಿಸಲು ನೋಡಿದಳು. ಆಗಲಿಲ್ಲ.

ದವಾಖಾನೆ ಅಂದರೆ ಹೊಳೆಯಾಚೆ ಹಂಚಿನ ಒಂದು ಮನೆ, ಮುಂದೆ ಪಡಸಾಲೆ. ಇನ್ನೂ ಮುಂಬೈ ಸರಕಾರದ ಕಾಲ. ಬೋರ್ಡಿನ ಅಕ್ಷರ ನಮ್ಮವಲ್ಲ, ಆಗಿದ್ದರೂ ನಾವು ಓದುತ್ತಿರಲಿಲ್ಲ. ಡಾಕ್ಟರು ಪಂಢರೀನಾಥ ಎಂಬವರು, ಕನ್ನಡಕ, ಬಿಳಿ ಕೋಟು. ಕಂಬಳಿ ಇಳಿಸಿದ ಕೂಡಲೇ ಮೂಗಿಗೆ ವಸ್ತ್ರ ಹಿಡಿದರು.

"ಒಳಗ ತರಬ್ಯಾಡ್ರಿ. ಅಲ್ಲೇ ಇಡ್ರಿ. ಯಾವಾಗ ತುಂಡಾತು ಇದು? ಇಷ್ಟ ದಿನ ಏನ ಮಾಡ್ತಿದ್ರಿ? ಭಂಡಾರ ಹಚ್ಚೀರಿ! ಶಾಣ್ಯಾರು!"

"ಬಂಡಿ ಸಿಗಲಿಲ್ರಿ," ಎಂದೆ.

"ಧನುರ್ವಾಯು ಆಗೇದ. ಇದಕ್ಕ ಕೊಡೋ ಸೂಜಿ ನನ್ನ ಹತ್ರ ಇಲ್ಲ. ವಿಜಾಪುರಕ್ಕ ಒಯ್ಯಬೇಕು. ಒಯ್ದರೂ ಈಗ..." ಎಂದು ಕೈ ತಿರುವಿದರು.

ಕಂಪೌಂಡರ ರಾಜಮಹ್ಮದ ಒಂದು ಲೋಟ ನೀರು ತಂದು ಹತ್ತಿಯಲ್ಲಿ ಅದ್ದಿ ಅಣ್ಣನ ತುಟಿಗೆ ಹಚ್ಚಿದ. ಲಗಮವ್ವ ಆ ನೀರನ್ನೇ ನೋಡುತ್ತ ಕುಳಿತಿದ್ದಳು. ಡಾಕ್ಟರಿಗೆ ಸುಮ್ಮನಿರಲಾಗಲಿಲ್ಲವೋ ಏನೋ, ನಿಂತಲ್ಲೇ ಹೇಳತೊಡಗಿದರು. ಕೆಟ್ಟ ಮನುಷ್ಯರಲ್ಲ ಅವರು. ಸಾಯುವವನ ಮುಂದೆ ಪಾಠ ಹೇಳುವುದು ಬಿಟ್ಟು ಬೇರೇನೂ ಅವರ ಕೈಯಲ್ಲಿರಲಿಲ್ಲ, ಅದನ್ನು ಈಗ ಒಪ್ಪುತ್ತೇನೆ. ಆವತ್ತು ಕಪಾಳಕ್ಕೆ ಹೊಡೆಯಬೇಕು ಅನಿಸಿತ್ತು.

"ಇದು ನೀರಿನಿಂದ ಬರ್ತದ, ತಿಳೀತೇನು? ನಾರು ಆದ ಕಾಲು ನೀರಾಗ ಇಟ್ಟಕೂಡಲೇ ಅದು ಮರಿ ಬಿಡ್ತದ. ಕಣ್ಣಿಗೆ ಕಾಣಂಗಿಲ್ಲ. ಆ ನೀರು ಕುಡಿದವರಿಗೆ ಮುಂದಿನ ವರ್ಷ ಇದೇ ಹೊತ್ತಿಗೆ ನಾರು ಹೊರಡ್ತದ. ನೀವು ಬಾವ್ಯಾಗ ಕಾಲು ಬಿಟ್ಟು ಕೂಡ್ತೀರಿ, ಅದನ್ನೇ ಕುಡೀತೀರಿ. ಬಾವಿ ಮೆಟ್ಟಿಲ ಮುಚ್ಚಿಸಿ ಮ್ಯಾಲಿಂದ ಸೇದೋ ಹಂಗ ಮಾಡ್ರಿ. ಅಲ್ಲೀತನಕಾ ನೀರು ಬಟ್ಟಿಯಿಂದ ಸೋಸಿ ಕುಡೀರಿ."

"ಬಾವಿ ಕಟ್ಟಸಾವ್ರ ಯಾರ್ರಿ?" ಎಂದಳು ಲಗಮವ್ವ.

"ಸರಕಾರಕ್ಕ ಬರೀತೀನಿ."

"ಸೋಸಾಕ ಎರಡನೇ ಅರಿವಿ ಇಲ್ರಿ ನಮ್ಮಂತೇಕ. ಉಟ್ಟಿದ್ದ ಒಂದಽ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು. ಲಗಮವ್ವ ನನಗೆ ಮಾತ್ರ ಕೇಳಿಸುವಂತೆ ಕೇಳಿದಳು.

"ಕಾಳಪ್ಪಾ, ಖರೆ ಹೇಳತಾನೇನ ಅಂವ? ನೀರಾಗ ಕಾಲ ಇಟ್ಟರ ಬರತೈತಿ ಅಂತ?"

"ಓದಿದಾಂವ ಹೇಳತಾನ ಅಂದ್ರ ಇರಬೇಕ ಯಕ್ಕಾ."

ಅಣ್ಣ ಮಧ್ಯಾಹ್ನದ ಬಿಸಿಲಿನಲ್ಲಿ ಆ ಪಡಸಾಲೆಯ ಮೇಲೆಯೇ ಸತ್ತ. ಬಿಲ್ಲಿನಂತೆ ಬಾಗಿದ ಬೆನ್ನು ಆಮೇಲೂ ನೆಟ್ಟಗಾಗಲಿಲ್ಲ. ರಾಜಮಹ್ಮದ ಕಣ್ಣು ಮುಚ್ಚಿಸಿದ. ಬಾಯಿ ಮುಚ್ಚಿಸಬೇಕಾಗಿರಲಿಲ್ಲ. ಎಷ್ಟು ನಗಿಸಿದ ಬಾಯಿ ಅದು! ಎತ್ತುಗಳು ಕೇಳುತ್ತಿದ್ದ ದನಿ! ಕೊನೆಗೆ ಒಂದು ಮಾತು ಹೇಳಿ ಹೋಗಲಿಕ್ಕೂ ಅವನಿಗೆ ಬಾಯಿ ಇರಲಿಲ್ಲ. ಅದೇ ಕಂಬಳಿಯಲ್ಲಿ ಹೊತ್ತುಕೊಂಡು ಬಂದೆವು. ಈ ಸಲ ದಾರಿಯವರು ಕೈ ಮುಗಿದದ್ದು ತಪ್ಪಾಗಲಿಲ್ಲ.

ಮಣ್ಣು ಮಾಡಿದ ಕೆಲವು ದಿನಕ್ಕೆ ಡಾಕ್ಟರು ನಮ್ಮೂರಿಗೆ ಬಂದರು. ನಮ್ಮ ಓಣಿಗಲ್ಲ, ವಾಡೆಗೆ. ಗುರುಲಿಂಗವ್ವನ ಬೆರಳಿಗೆ ಉಗುರುಸುತ್ತು ಆಗಿತ್ತು. ಗೌಡನ ಬಂಡಿಯೇ ಹೋಗಿ ಕರೆತಂದಿತ್ತು. ಬಂಡಿಗೆ ಸವಾರಿಯ ಕಮಾನು ಕಟ್ಟಿ, ಒಳಗೆ ಜಮಖಾನ ಹಾಸಿದ್ದರು. ನಾವು ಅಂಗಳದಲ್ಲಿ ಚೀಲ ಹೊರುತ್ತಿದ್ದೆವು. ಎಲ್ಲ ಕೇಳಿಸುತ್ತಿತ್ತು.

"ನಿಮ್ಮ ಬಾವಿನೂ ಮೆಟ್ಟಿಲಬಾವಿ ಅದ ಗೌಡ್ರ," ಎನ್ನುತ್ತಿದ್ದರು ಡಾಕ್ಟರು, ಚಹದ ಬಶಿ ಹಿಡಿದು. "ಭಾಳ ಜ್ವಾಕಿ ಇರ್ರಿ. ನಾರು ಆದವರು ಒಬ್ಬರು ಕಾಲಿಟ್ಟರ ಸಾಕು, ಮುಂದಿನ ವರ್ಷ ಮನಿಮಂದಿಗೆಲ್ಲಾ ಬರ್ತದ. ಸಣ್ಣ ಕೂಸು ಬ್ಯಾರೆ ಅದ ಮನ್ಯಾಗ."

"ಒಬ್ಬ ಕಾಲಿಟ್ಟರ ಸಾಕ್ರಿ?"

"ಒಬ್ಬ ಸಾಕು."

ಗೌಡ ಚಹ ಕುಡಿಯುವುದನ್ನು ಬಿಟ್ಟು ನಮ್ಮ ಕಾಲುಗಳನ್ನು ನೋಡಿದ. ಒಬ್ಬೊಬ್ಬರ ಕಾಲನ್ನೂ ನೋಡಿದ. ಹುಟ್ಟಿದಾಗಿನಿಂದ ಅವನ ಹೊಲದಲ್ಲಿ ದುಡಿದವರ ಕಾಲನ್ನು ಅವನು ಹೀಗೆ ನೋಡಿದ್ದು ಅದೇ ಮೊದಲು.

"ಕುರುಬರ ಓಣಿ ಬಾವಿದೇನ್ರಿ ಸಾಹೇಬ್ರ?" ಎಂದೆ ನಾನು, ಚೀಲ ಇಳಿಸಿ.

"ಬರದೀನಿ ಬರದೀನಿ. ಮಂಜೂರಿ ಬರಬೇಕು."

ಮರುದಿನವೇ ಗೌಡನ ಬಾವಿಯ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಕಾಯಲು ಒಬ್ಬ ಆಳು ಕುಳಿತ. ಮಂಜೂರಿ ಬರಲಿಲ್ಲ.

ಲಗಮವ್ವ ಓಣಿಯ ತುಂಬ ಹೇಳಿಕೊಂಡು ಬಂದಳು, ಯಾರೂ ಬಾವಿಯಲ್ಲಿ ಕಾಲಿಡಬೇಡಿರಿ ಎಂದು. ಕೆಲವರು ಹೂಂ ಎಂದರು. ಕೆಲವರು ಗಂಡ ಸತ್ತು ತಲೆ ಕೆಟ್ಟಿದೆ ಎಂದರು. ಉರಿ ತಡೆಯಲಾರದೆ ಮಬ್ಬಿನಲ್ಲಿ ಹೋಗಿ ಕಾಲಿಟ್ಟು ಬಂದವರೂ ಇದ್ದರು. ಅವರನ್ನು ಬೈಯುವುದು ಹೇಗೆ? ಆ ಉರಿ ಗೊತ್ತಿದ್ದವರಿಗೇ ಗೊತ್ತು.

ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಎಡಗಾಲು ಚಾಚಿ ಕುಳಿತಿದ್ದಳು. ಹರಡಿನ ಮೇಲೆ ಗುಳ್ಳೆ ಎದ್ದಿತ್ತು. ಅವ್ವ ನೋಡಿ ಎದೆ ಬಡಿದುಕೊಂಡಳು.

"ಯವ್ವಾ, ನಿನಗೂ ಬಂತೇನಬೇ! ನಡಿ, ಬಾವ್ಯಾಗ ಕಾಲಿಡ ನಡಿ. ತಣ್ಣಗಾಗತೈತಿ."

"ಇಡಂಗಿಲ್ಲ ಅತ್ತಿ. ಹುಡುಗ್ರು ಕುಡಿಯೂ ನೀರು."

"ಉರಿ ತಡೀತಿಯೇನ ನೀ?"

"ಅಂವ ತಡದಾನ, ನಾನೂ ತಡೀತೇನಿ."

ಕೊಡದಲ್ಲಿ ನೀರು ತಂದು ಹಿತ್ತಲ ಮಣ್ಣಿನ ಮೇಲೆ ಕಾಲಿಗೆ ಸುರುವಿಕೊಂಡಳು. ಅಷ್ಟರಿಂದ ಏನಾಗುತ್ತದೆ? ತಾಸಿಗೊಮ್ಮೆ ಕೊಡ ಹೊರುವವರು ಯಾರು? ಗುಳ್ಳೆ ಒಡೆದು ಬಿಳಿಯ ತುದಿ ಕಾಣಿಸಿತು. ಕಣದಿಂದ ನಾನು ಹೆಕ್ಕಿ ತಂದಿದ್ದ ಅಣ್ಣನ ಕಾಲಿನ ಕಡ್ಡಿಯನ್ನು ಅವಳು ತೊಲೆಯ ಸಂದಿಯಲ್ಲಿ ಇಟ್ಟಿದ್ದಳು. ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಅಣ್ಣನ ನಾರು ಒಣಗಿ ಅದಕ್ಕೆ ಅಂಟಿತ್ತು. ನಾನು ಅದನ್ನು ಕೆರೆಯಲು ಹೋದೆ.

"ಇರಲಿ ಬಿಡ," ಎಂದಳು. "ಡಾಕ್ಟರ ವರ್ಷಕ್ಕ ಹೊರಡತೈತಿ ಅಂದ ಹೌದಿಲ್ಲೊ? ಹೋದ ವರ್ಷ ಬಾವ್ಯಾಗ ಯಾರ ಕಾಲ ಇತ್ತು? ನಾ ಎಲ್ಲಿ ಕೊಡ ತುಂಬತಿದ್ನಿ?"

ನಾನು ನಾರಿನ ತುದಿಯನ್ನು ಕಡ್ಡಿಗೆ ಸಿಕ್ಕಿಸಿದೆ.

"ಇದು ನಿಮ್ಮಣ್ಣಂದ ಕಾಳಪ್ಪಾ. ಹೋಗೂ ಮುಂದ ನನ್ನಂತೇಕ ಇಟ್ಟ ಹೋಗ್ಯಾನ." ಅವಳು ನಕ್ಕಳು. ಆಮೇಲೆ ಆ ನಗು ಎಲ್ಲಿಗೋ ಹೋಗಿ, ಹೊಟ್ಟೆಯಿಂದ ಒಂದು ದನಿ ಬಂತು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಎಲ್ಲಿ ಎಳೆದುಬಿಟ್ಟೇನೋ ಎಂದು ಹೆದರಿ ಕಡ್ಡಿಯನ್ನು ಅವಳ ಕೈಗೇ ಕೊಟ್ಟೆ.

ಆ ಹೊತ್ತಿಗೇ ಗೌಡನ ಕಡೆಯಿಂದ ಕರೆ ಬಂತು. ಹತ್ತಿ ಬಿಡಿಸಲು ಬರಬೇಕಂತೆ. ಗಂಡ ಸತ್ತ ನೆವ ಮಾಡಿಕೊಂಡು ಎಷ್ಟು ದಿನ ಕೂರುತ್ತಾಳೆ, ಬಾರದಿದ್ದರೆ ಗುಡಿಸಲು ಕಟ್ಟಿದ ಜಾಗ ಗೌಡನದೆಂಬುದು ನೆನಪಿರಲಿ ಎಂದು ಬಂದವನು ಹೇಳಿದ.

"ಬರತೇನಂತ ಹೇಳ," ಎಂದಳು ಲಗಮವ್ವ.

ಅರಿವೆ ಸುತ್ತಿಕೊಂಡು ಕೋಲು ಹಿಡಿದು ಹೊರಟಳು. ನಾನು ಹಿಂದೆ ಹಿಂದೆ ನಡೆದೆ. ಹತ್ತಿಯ ಹೊಲದ ದಾರಿ ಬಂದಾಗ ಅವಳು ತಿರುಗಲಿಲ್ಲ, ನೆಟ್ಟಗೆ ಗೌಡನ ತೋಟಕ್ಕೆ ಹೋದಳು. ಕೋಲಿನಿಂದ ಮುಳ್ಳಿನ ಬೇಲಿ ಸರಿಸಿದಳು. ಕಾವಲಿನವನು ಬೀಡಿ ಎಸೆದು ಎದ್ದು ಬರುವಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದಳು.

"ಏಯ್ ಲಗಮಿ! ಎಲ್ಲಿಗೆಬೇ? ಏ ಕಾಳ್ಯಾ, ಹಿಡಿಯಲೇ ಆಕೀನ!"

ನಾನು ಹಿಡಿಯಲಿಲ್ಲ. ಮೆಟ್ಟಿಲಿಗೆ ಅಡ್ಡ ನಿಂತೆ. ಅವನು ವಾಡೆಯ ಕಡೆ ಓಡಿದ.

ಲಗಮವ್ವ ಕೊನೆಯ ಮೆಟ್ಟಿಲ ಮೇಲೆ ಕುಳಿತಳು. ಬೆಳಗಿನ ಬಿಸಿಲು ನೀರಿನ ತಳದ ತನಕ ಇಳಿದಿತ್ತು, ಸಣ್ಣ ಹರಳೂ ಕಾಣುತ್ತಿತ್ತು. ಅವಳು ಮೊದಲು ಬೊಗಸೆ ತುಂಬ ನೀರು ಎತ್ತಿಕೊಂಡು ನೋಡಿದಳು. ಕುಡಿದಳು. ಇನ್ನೊಂದು ಬೊಗಸೆ ಎತ್ತಿ ಪಕ್ಕದ ಕಲ್ಲಿನ ಮೇಲೆ, ಅಲ್ಲಿ ಕುಳಿತ ಯಾರಿಗೋ ಕುಡಿಸುವ ಹಾಗೆ ಬಿಟ್ಟಳು. ಆಮೇಲೆ ಅರಿವೆ ಬಿಚ್ಚಿ, ಕಡ್ಡಿಯನ್ನು ಕೈಯಲ್ಲಿ ಹಿಡಿದು, ಕಾಲನ್ನು ನೀರಿನ ಮೇಲೆ ಚಾಚಿದಳು. ಒಂದು ಗೇಣು ಕೆಳಗೆ ನೀರಿತ್ತು.

ಗೌಡ ಆಳುಗಳೊಂದಿಗೆ ಓಡುತ್ತ ಬಂದ. ಹೆಗಲ ಮೇಲೆ ಟವಲು ಕೂಡ ಇರಲಿಲ್ಲ. "ಏ ರಂಡೇ! ಮ್ಯಾಲ ಬಾ! ಮ್ಯಾಲ ಬರತಿಯೋ ಇಲ್ಲ ಕಡದ ಹಾಕಲ್ಯೋ! ಎಳೀರಲೇ ಆಕೀನ!"

"ಯಾರರ ಇಳದ್ರ ನಾ ಪೂರಾ ನೀರಾಗ ಇಳೀತೇನ್ರಿ ಗೌಡ್ರ," ಎಂದಳು ಅವಳು, ತಿರುಗಿ ನೋಡದೆ. ಬಾವಿಯೊಳಗೆ ಅವಳ ದನಿ ದೊಡ್ಡದಾಗಿ ಕೇಳಿಸಿತು.

ಆಳುಗಳು ನಿಂತಲ್ಲೇ ನಿಂತರು. ಗೌಡನ ದನಿ ಇಳಿಯಿತು. "ಮನ್ಯಾಗ ಸಣ್ಣ ಕೂಸ ಐತಿ ಲಗಮವ್ವಾ."

"ನಮ್ಮ ಓಣ್ಯಾಗೂ ಅದಾವ್ರಿ."

"ಬ್ಯಾಡಬೇ ಯವ್ವಾ. ನಿನ್ನ ಕಾಲ ಬೀಳತೇನಿ."

ಯವ್ವಾ ಎಂದ. ನನ್ನ ಕಿವಿಯಾರೆ ಕೇಳಿದೆ.

"ಬೀಳಬ್ಯಾಡ್ರಿ. ಕಾಲ ಉರಿಯಾಕತ್ತೈತ್ರಿ, ನೀರಾಗ ಇಡಬಾರದಂದ್ರ ನೀವಽ ಬಂದ ಸುತ್ತರಿ. ಒಂದ ಸುತ್ತ. ನಮ್ಮ ಮನ್ಯಾಂವ ಇಲ್ಲ ಈಗ, ಸುತ್ತಾಕ."

ಗೌಡ ಸುತ್ತ ನೋಡಿದ. ಆಳುಗಳು ನೆಲ ನೋಡುತ್ತಿದ್ದರು. ಅವಳು ಕಾಲನ್ನು ಇನ್ನೊಂದು ಬೆರಳಷ್ಟು ಇಳಿಸಿದಳು. ಗೌಡ ಮೆಟ್ಟಿಲು ಇಳಿಯತೊಡಗಿದ.

"ಕೆರಾ ಬಿಡ್ರಿ," ಎಂದಳು.

ಕೆರ ಬಿಟ್ಟ. ನನ್ನ ಪಕ್ಕದಲ್ಲೇ ಹಾದುಹೋದ, ಬೆವರಿನ ವಾಸನೆ ಬಂತು. ಅವಳ ಕಾಲಿನ ಹತ್ತಿರ, ಒದ್ದೆ ಕಲ್ಲಿನ ಮೇಲೆ ಕುಳಿತ. ಹುಣ್ಣಿನ ವಾಸನೆಗೆ ಮುಖ ತಿರುಗಿಸಿದ, ಮತ್ತೆ ಇತ್ತ ತಿರುಗಿಸಿದ. ಅವಳು ಕಡ್ಡಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು.

"ಹಗೂರಕ. ಎಳದ್ರ ಹರೀತೈತ್ರಿ. ಹರದ್ರ ಏನ ಆಗತೈತಿ, ನಿಮಗ ಗೊತ್ತೈತಿ."

ಅವನು ಸಿಟ್ಟಿಗೆ ಒಮ್ಮೆ ಜಗ್ಗಿದರೆ ಸಾಕು, ಅಣ್ಣನ ದಾರಿಯೇ ಅವಳ ದಾರಿ. ಅದು ಅವಳಿಗೂ ಗೊತ್ತಿತ್ತು. ಆದರೂ ಕಾಲು ಅಲ್ಲಾಡಲಿಲ್ಲ.

"ಎಣಸ್ರಿ," ಎಂದಳು.

ಗೌಡ ಕಡ್ಡಿ ತಿರುವಿದ. "ಒಂ—"

"ಒಂದ ಅಂತಾರೇನ್ರಿ ಗೌಡ್ರ? ಹುಲಸ ಹೋಗತೈತಿ."

ಗೌಡ ಮೇಲಿದ್ದ ಆಳುಗಳ ಕಡೆ ಒಮ್ಮೆ ನೋಡಿದ. ಆಮೇಲೆ ಗೌಡ ಗಂಟಲಲ್ಲೇ ಅಂದ, "ಲಾಭ."

"ಕೇಳಸಲಿಲ್ರಿ. ನಮ್ಮ ಮನ್ಯಾಂವ ದೊಡ್ಡದಾಗಿ ಅಂತಿದ್ದ."

"ಲಾಭ!"

ಕಲ್ಲಿನ ಗೋಡೆಗಳು ಆ ಮಾತನ್ನು ತಿರುಗಿ ಹೇಳಿದವು. ಲಗಮವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಇವತ್ತಿಗೆ ಇಷ್ಟ ಸಾಕ್ರಿ," ಎಂದಳು. "ಪೂರಾ ಹೊರಗ ಬರೂತನಕ ದಿನಾ ಬರಬೇಕ್ರಿ."

ಮೇಲೆ ಸಪ್ಪಳವಾಯಿತು. ಗೌಡ ತಲೆ ಎತ್ತಿ ನೋಡಿದ, ನಾನೂ ನೋಡಿದೆ. ಸರಿದ ಬೇಲಿಯ ಸಂದಿಯಿಂದ ನಮ್ಮ ಓಣಿಯ ನಾರಾದವರು ಸುದ್ದಿ ಕೇಳಿ ಒಬ್ಬೊಬ್ಬರಾಗಿ ಬರುತ್ತಿದ್ದರು. ಕೋಲು ಊರಿಕೊಂಡು, ಗೋಡೆ ಹಿಡಿದುಕೊಂಡು, ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿಕೊಂಡು ಬಂದು, ಮೇಲಿನ ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತರು. ಕುಳಿತವರು ಬಗ್ಗಿ, ತಮ್ಮ ತಮ್ಮ ಕಾಲಿನ ಅರಿವೆ ಬಿಚ್ಚತೊಡಗಿದರು.